ಪಕ್ಕದ ಕನ್ನಡಿ

"ನೋಡಪ್ಪ, ಮಗುವಿನಿಂದ ಹೊರಟ ಒಂದು ಕಿರಣಾನೂ ನಿನ್ನ ಕಣ್ಣಿಗೆ ಬರ್ತಿಲ್ಲ. ಕಾಣದೇ ಇದ್ದದ್ದಕ್ಕೆ ನೀನೇನು ಮಾಡಕ್ಕಾಗುತ್ತೆ?" ಎನ್ನುತ್ತ, ಶಾಲೆಯಲ್ಲಿ ಟೀಚರ್ ಆಗಿದ್ದ ಮಗಳು ಲ್ಯಾಪ್‌ಟಾಪನ್ನು ಅಪ್ಪನ ಕಡೆ ತಿರುಗಿಸಿದಳು.

ಮಕ್ಕಳಿಗೆ ಬೆಳಕಿನ ಪಾಠ ತೋರಿಸುವ ಸಾಫ್ಟ್‌ವೇರ್ ಅದು. ಪರದೆಯ ಮೇಲೆ ಕಾರಿನ ಪಕ್ಕದ ಕನ್ನಡಿ, ಅಪ್ಪನ ಕಣ್ಣಿಗೊಂದು ನೀಲಿ ಚುಕ್ಕೆ, ಹಿಂದೆ ಆಡುತ್ತಿದ್ದ ನೆರೆಮನೆಯ ಮಗುವಿಗೊಂದು ಕೆಂಪು ಚುಕ್ಕೆ. ಅಪ್ಪ ಕಾರು ಹಿಂದಕ್ಕೆ ತೆಗೆಯುವಾಗ ಆ ಮಗುವಿನ ಕಾಲು ಚಕ್ರಕ್ಕೆ ಸಿಕ್ಕಿತ್ತು. ಅಂದಿನಿಂದ ಕಾರನ್ನು ಯಾರೂ ಮುಟ್ಟಿಲ್ಲ, ಅಪ್ಪ ತಲೆಯೆತ್ತಿ ನಡೆದಿಲ್ಲ. ಕನ್ನಡಿ ಅವತ್ತು ಹೇಗಿತ್ತೋ ಹಾಗೇ ಇತ್ತು. ಅದರ ಕೋನವನ್ನು ಬೆಳಿಗ್ಗೆ ಅವಳೇ ಅಳೆದು ತಂದಿದ್ದಳು.

"ಸಾಕು ಬಿಡಮ್ಮ, ಮುಚ್ಚು ಅದನ್ನ," ಎಂದ ಅಪ್ಪ. ಪರದೆಯತ್ತ ಅವನು ಕಣ್ಣೆತ್ತಿಯೂ ನೋಡಿರಲಿಲ್ಲ.

"ಇರು, ಕಣ್ಣು ಎಲ್ಲಿದ್ದಿದ್ರೆ ಕಾಣ್ತಿತ್ತು ಅಂತಾನೂ ತೋರಿಸಿಬಿಡ್ತೀನಿ." ಅವಳು ನೀಲಿ ಚುಕ್ಕೆಯನ್ನು ಹಿಡಿದು ಎಳೆದಳು. ಒಂದು ಗೇಣು ಮುಂದೆ, ಅರ್ಧ ಗೇಣು ಕೆಳಗೆ ಬರುತ್ತಿದ್ದಂತೆ ಕೆಂಪು ಕಿರಣ ಕನ್ನಡಿಗೆ ಬಡಿದು ನೆಟ್ಟಗೆ ಚುಕ್ಕೆಗೆ ನಾಟಿತು. ಸೀಟನ್ನು ಅಷ್ಟು ಮುಂದೆ ಎಳೆದುಕೊಂಡು, ಅಷ್ಟು ಕುಳ್ಳಗೆ ಕೂತು ಆ ಕಾರು ಓಡಿಸುವವಳು ಮನೆಯಲ್ಲಿ ಅವಳೊಬ್ಬಳೇ. ಅಪಘಾತದ ಹಿಂದಿನ ಸಂಜೆ ಕಾರು ಒಯ್ದವಳು, ಕನ್ನಡಿಯನ್ನು ತನ್ನ ಕಣ್ಣಿಗೆ ಹೊಂದಿಸಿಕೊಂಡವಳು, ಹಾಗೇ ಬಿಟ್ಟು ಇಳಿದವಳು.

ಮೌಸ್ ಮೇಲಿದ್ದ ಅವಳ ಕೈ ಅಲ್ಲೇ ನಿಂತುಹೋಯಿತು. ಅಪ್ಪ ಕೈ ಚಾಚಿ, ಸದ್ದಾಗದಂತೆ ಲ್ಯಾಪ್‌ಟಾಪ್ ಮುಚ್ಚಿದ.

"ಅದಕ್ಕೇ ಬಿಡು ಅಂದಿದ್ದು," ಎಂದ.