ಹುಳಿಗೆ ಉಪ್ಪು

ಮದುವೆಮನೆಯ ಅಡುಗೆಯಲ್ಲಿ ಅವಸರ ಹೆಚ್ಚಿದಂತೆ ನರಹರಿ ಭಟ್ಟರ ಬಾಯಿ ಜೋರಾಗುತ್ತಿತ್ತು, ನೆನಪು ಕೈಕೊಡುತ್ತಿತ್ತು. ಅವರ ಸಹಾಯಕ ಶೇಷಾದ್ರಿಯದು ತದ್ವಿರುದ್ಧ. ಅವಸರವಾದಷ್ಟೂ ಅವನ ಬಾಯಿ ಮುಚ್ಚುತ್ತಿತ್ತು, ಕಣ್ಣಿನಿಂದ ಮಾತ್ರ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಹಾಗಾಗಿ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಭಟ್ಟರು ಕೇಳುವುದು, ಅವನು ಹೇಳಿದಂತೆ ನಡೆಯುವುದು ವರ್ಷಗಳಿಂದ ರೂಢಿಯಾಗಿತ್ತು.

ಹೋದ ವಾರ ಭಟ್ಟರು ತಾವೇ ಪಾಯಸ ಸೀಯಲು ಬಿಟ್ಟು, ಬೀಗರ ಎದುರಿಗೆ ಶೇಷಾದ್ರಿಯ ಕೆನ್ನೆಗೆ ಬಾರಿಸಿದ್ದರು. ಆ ಉರಿ ಇನ್ನೂ ಆರಿರಲಿಲ್ಲ.

ಇವತ್ತು ಮುಹೂರ್ತ ಮುಗಿಯುತ್ತ ಬಂದಿತ್ತು. ಹುಳಿಯ ಕೊಪ್ಪರಿಗೆಯ ಮುಂದೆ ಬೆವರು ಸುರಿಸುತ್ತ ಭಟ್ಟರು ಕೂಗಿದರು. "ಉಪ್ಪು ಹಾಕಿದೀನೇನೋ?"

ಶೇಷಾದ್ರಿ ಒಂದು ಗಳಿಗೆ ತಡೆದ. ಕೆನ್ನೆ ಸವರಿಕೊಂಡ. ಆಮೇಲೆ ಭಟ್ಟರ ನೋಟ ತಪ್ಪಿಸಿ, "ಹಾಕಾಯ್ತು ಭಟ್ರೇ" ಎಂದು ಸಣ್ಣಗೆ ನಕ್ಕ.

ಭಟ್ಟರು ಕೆಕ್ಕರಿಸಿ ನೋಡಿದರು. "ಹೊಡೆದಿದ್ದಕ್ಕೆ ಸೇಡು ತೀರಿಸ್ಕೊಳ್ತಿದೀಯೇನೋ? ಸಪ್ಪೆ ಹುಳಿ ಬಡಿಸಿ ನನ್ನ ಮಾನ ಕಳೀಬೇಕು ಅಂತ?"

"ನಾನು ಹೇಳೋದು ಹೇಳಿದೀನಿ. ಆಮೇಲೆ ನಿಮ್ಮಿಷ್ಟ."

"ನನ್ನ ಹತ್ರಾನೇ ನಾಟಕ ಆಡ್ತೀಯಾ" ಎನ್ನುತ್ತ ಭಟ್ಟರು ಬೊಗಸೆ ತುಂಬ ಉಪ್ಪು ತೆಗೆದು ಕೊಪ್ಪರಿಗೆಗೆ ಸುರಿದರು. ಚೆನ್ನಾಗಿ ತಿರುವಿ, ಒಂದು ಬಟ್ಟಲು ನೈವೇದ್ಯಕ್ಕೆ ಕಳಿಸಿದರು.

ಊಟದ ಮನೆಯಲ್ಲಿ ಎಲೆ ಹಾಕುತ್ತಿದ್ದರು. ಶೇಷಾದ್ರಿ ನಿಧಾನವಾಗಿ ಕೈ ತೊಳೆದುಕೊಂಡ. ಅವನು ನಿಜವನ್ನೇ ಹೇಳಿದ್ದ.