ಅರಿವಳಿಕೆ ಡಾಕ್ಟರ ಆರ್ಫಿಯಸ್

ಅರಿವಳಿಕೆ ಡಾಕ್ಟರು ಸ್ಟ್ರೆಚರ್ ಮೇಲೆ ಅಂಗಾತ ಮಲಗಿ, ಇಷ್ಟು ವರ್ಷ ತಾವೇ ದುಡಿದ ಆಪರೇಷನ್ ಥಿಯೇಟರಿಗೆ ರೋಗಿಯಾಗಿ ಹೊರಟಿದ್ದರು. ಆಗಬೇಕಾಗಿದ್ದದ್ದು ಬರೀ ಹರ್ನಿಯಾ. "ಇದೂ ಒಂದು ಆಪರೇಷನ್ನೇನ್ರೀ?" ಎಂದು ಎಷ್ಟೋ ಜನರ ಬೆನ್ನು ತಟ್ಟಿದ ಮಹಾನುಭಾವರು ಇವತ್ತು ಅಂಗೈ ಬೆವರನ್ನು ಕದ್ದು ಕದ್ದು ಹೊದಿಕೆಗೆ ಒರೆಸಿಕೊಳ್ಳುತ್ತಿದ್ದರು.

ಬಾಗಿಲ ಬಳಿ ಬಂದಾಗ ತಡೆಯಲಾರದೆ ಕತ್ತು ಹೊರಳಿಸಿ ಹೆಂಡತಿಯನ್ನು ನೋಡಿದರು.

"ಹಿಂದೆ ನೋಡ್ಬೇಡಿ," ಎಂದಳು ಆಕೆ, ನಗಲು ನೋಡುತ್ತ. "ನಿಮ್ಮ ಆರ್ಫಿಯಸ್ ಕೆಟ್ಟಿದ್ದೇ ಹಾಗಲ್ವಾ? ತಿರುಗಿ ನೋಡ್ದ, ಹೆಂಡ್ತೀನ ಕಳ್ಕೊಂಡ."

ಗ್ರೀಕರ, ರೋಮನ್ನರ ಪುರಾಣ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಊಟಕ್ಕೆ ಕೂತವರು ಬಾಯ್ತಪ್ಪಿ ಹರ್ಕ್ಯುಲಿಸ್ ಎಂದರೆ ಮುಗಿಯಿತು. ಡಾಕ್ಟರು ಎತ್ತಿದ ತುತ್ತು ಕೆಳಗಿಟ್ಟು, "ಅದು ರೋಮನ್ನರ ಹೆಸರು, ಗ್ರೀಕರಲ್ಲಿ ಹೆರಾಕ್ಲಿಸ್" ಎಂದು ಶುರು ಹಚ್ಚಿಕೊಳ್ಳುತ್ತಿದ್ದರು. ಊಟ ತಣ್ಣಗಾದರೂ ಅವನ ಸಾಹಸಗಳೆಲ್ಲ ಮುಗಿಯಲೇಬೇಕು. ಕಥೆಯ ಒಂದು ಎಳೆ ತಪ್ಪಿದರೂ ಅವರಿಗೆ ಮೈಯೆಲ್ಲ ಉರಿ. ಇದು ರೋಗವೇ ಎಂದು ಅವರಿಗೂ ಗೊತ್ತಿತ್ತು, ಆದರೆ ಇದಕ್ಕೆ ಅರಿವಳಿಕೆ ಇರಲಿಲ್ಲ.

ಒಳಗೆ ತಲೆಯ ಮೇಲೆ ದೊಡ್ಡ ದೀಪ. ಕೆಳಗೆ ಮಲಗಿದವನಿಗೆ ಅದು ಹೇಗೆ ಕಾಣುತ್ತದೆಂದು ಅವರು ಯಾವತ್ತೂ ಯೋಚಿಸಿರಲಿಲ್ಲ. ಧೈರ್ಯಕ್ಕೆಂದು ಪುರಾಣ ನೆನೆದರೆ, ಮನೆಮಕ್ಕಳ ಹಾಗೆ ಸಾಕಿದ ದೇವತೆಗಳೆಲ್ಲ ಕೈಕೊಟ್ಟರು. ಬಂದವನು ನಿದ್ದೆಯ ದೇವರು ಹಿಪ್ನೋಸ್ ಒಬ್ಬನೇ. ಅವನೂ ತನ್ನ ಅವಳಿ ಸೋದರನನ್ನು ಜೊತೆಗೆ ಕರೆತಂದಿದ್ದ; ಆ ಸೋದರ ಸಾವಿನ ದೇವರು. ಇಷ್ಟೆಲ್ಲ ಓದು ಅಂತ ನನಗೆ ಯಾರು ಹೇಳಿದ್ದರು ಎಂದು ಡಾಕ್ಟರು ತಮ್ಮನ್ನೇ ಬೈದುಕೊಂಡರು. ಭಯವಾಗುತ್ತಿತ್ತು. ಏಳುತ್ತೇನೋ ಇಲ್ಲವೋ ಎಂಬ ಪೆದ್ದು ಭಯ.

ಹಳೇ ಸಿಸ್ಟರ್ ಹತ್ತಿರ ಬಂದು ಕೈ ಹಿಡಿದುಕೊಂಡರು. "ಏನ್ ಡಾಕ್ಟ್ರೇ, ನೀವೇ ಹಿಂಗಾದ್ರೆ ಹೇಗೆ? ಕಥೆ ಹೇಳ್ಲಾ? ನೀವು ಎಲ್ರಿಗೂ ಹೇಳ್ತಿದ್ರಲ್ಲ, ಅದೇ."

"ಹೇಳಿ," ಎಂದರು ಡಾಕ್ಟರು, ಮಗುವಿನಂತೆ.

"ಹಾವು ಕಚ್ಚಿ ಹೆಂಡ್ತಿ ಸತ್ಲು. ಗಂಡ ಹಾಡ್ತಾ ಹಾಡ್ತಾ ಪಾತಾಳಕ್ಕೇ ಹೋದ. ಅಲ್ಲಿಯ ರಾಜ ಹಾಡು ಕೇಳಿ ಕರಗಿಹೋದ. ಕರ್ಕೊಂಡು ಹೋಗಪ್ಪಾ, ಆದ್ರೆ ಮೇಲೆ ಮುಟ್ಟೋವರ್ಗೂ ತಿರುಗಿ ನೋಡ್ಬೇಡ ಅಂದ. ಇವನು ಮುಂದೆ, ಅವಳು ಹಿಂದೆ, ಕತ್ತಲಲ್ಲಿ ಹತ್ಕೊಂಡು ಬಂದ್ರು..." ಸಿಸ್ಟರ್ ಕಥೆ ನಿಲ್ಲಿಸಿದರು. "ನಂಗೆ ಇಷ್ಟೇ ಗೊತ್ತಿರೋದು. ಇಲ್ಲಿಗೆ ಬರೋ ಹೊತ್ಗೆ ಪೇಷಂಟ್ ನಿದ್ದೆ ಹೋಗ್ತಿದ್ರು. ನೀವು ಕಥೆ ಅಲ್ಲೇ ಬಿಟ್ಟು ಕೆಲಸ ನೋಡ್ತಿದ್ರಿ."

ಹೆದರಿ ಮಲಗಿದವರಿಗೆ ಹೇಳಲು ತಮಗೆ ಇದೇ ಕಥೆ ಸಿಕ್ಕಿತೇ ಎಂದು ಡಾಕ್ಟರಿಗೆ ಮೊದಲ ಸಲ ನಾಚಿಕೆಯಾಯಿತು. ಅವರ ಜಾಗದಲ್ಲಿ ನಿಂತಿದ್ದ ಸಹೋದ್ಯೋಗಿ ಮೂಗಿನ ಮೇಲೆ ಮಾಸ್ಕ್ ಇಳಿಸಿ, ಉದ್ದಕ್ಕೆ ಉಸಿರೆಳೆದುಕೊಳ್ಳಲು ಹೇಳಿದರು.

"ಕೊನೆಗೆ ಏನಾಯ್ತು ಡಾಕ್ಟ್ರೇ?" ಸಿಸ್ಟರ್ ಕೈ ಬಿಟ್ಟಿರಲಿಲ್ಲ. "ಹೆಂಡ್ತಿ ವಾಪಸ್ ಬಂದ್ಲು ತಾನೇ?"

ಸರಿಯಾದ ಕೊನೆ ನಾಲಿಗೆಯ ತುದಿಗೇ ಬಂದಿತ್ತು. ಡಾಕ್ಟರು ಅದನ್ನು ನುಂಗಿಕೊಂಡರು.

"ಬಂದ್ಲು ಸಿಸ್ಟರ್," ಎಂದರು ಮಾಸ್ಕಿನೊಳಗಿಂದ. "ಅವನು ತಿರುಗಿ ನೋಡ್ಲೇ ಇಲ್ಲ."