ಸಾಹೇಬರ ಕಾಗದದ ಲೋಟ

ಕಾಗದದ ಲೋಟಕ್ಕೆ ಬಿಸಿ ಕಾಫಿ ಬಿದ್ದಾಗ ಏಳುವ ಮೇಣದ ವಾಸನೆಗೆ ಈಗಲೂ ಸರಗೂರಿನ ನಮ್ಮ ಮನೆಯ ಜಗಲಿ ನೆನಪಾಗುತ್ತದೆ.

ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಡುವುದನ್ನು ಕೇಸು ಹಾಕಿ ನಿಲ್ಲಿಸಿದ್ದ ಅಧಿಕಾರಿಯೊಬ್ಬರು ನೌಕರಿ ಬಿಟ್ಟು ಚುನಾವಣೆಗೆ ನಿಂತಿದ್ದರು. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನಮ್ಮ ಮನೆಗೆ ಓಟು ಕೇಳಲು ಬಂದರು. ಜೊತೆಯವರಿಗೆಲ್ಲ ಅಜ್ಜಿ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟಳು, ಅವರೊಬ್ಬರಿಗೆ ಕಾಗದದ ಲೋಟದಲ್ಲಿ.

“ಅವ್ರಿಗ್ಯಾಕಜ್ಜಿ ಪೇಪರ್ ಲೋಟ?” ಎಂದೆ.

“ದೊಡ್ಡೋರು ಕಣವ್ವ. ಒಸ ಲೋಟ್ದಲ್ಲೇ ಕೊಡ್ಬೇಕು.”

ಸಾಹೇಬರು ಲೋಟವನ್ನು ಒಮ್ಮೆ ತಿರುಗಿಸಿ ನೋಡಿ ಕುಡಿದರು. “ಕಾಫಿ ಚೆನ್ನಾಗದೆ ತಾಯಿ. ಓಟು ಮರೀಬ್ಯಾಡಿ” ಎಂದು ಕೈಮುಗಿದು ಹೋದರು.

ದೊಡ್ಡವರ ಲೋಟವೆಂದು ನಾನು ಅದನ್ನು ಆಸೆಯಿಂದ ಎತ್ತಿಕೊಂಡೆ. ಅಜ್ಜಿ ನನ್ನ ಕೈಗೆ ಹೊಡೆದು ಬೀಳಿಸಿ, ಬಚ್ಚಲಿಗೆ ಎಳೆದೊಯ್ದು ತಲೆಗೆ ನೀರು ಸುರಿದಳು.

“ದೊಡ್ಡೋರ ಲೋಟ ಮುಟ್ಟುದ್ರೆ ಸ್ನಾನ ಮಾಡ್ಬೇಕಾ?” ಎಂದು ಕೇಳಿದೆ.

ಅವಳು ಇನ್ನೊಂದು ಚೊಂಬು ಸುರಿದಳು.